ಬಾರ್ಬಾಳ ಕಿಟಕಿ

ನಮ್ಮ ಉಶಾಂತ್ ದ್ವೀಪದಲ್ಲಿ ಗಂಡು ಕೇಳಲು ಹೆಣ್ಣೇ ಹೋಗುವುದು. ಬಾರ್ಬಾ ಇಪ್ಪತ್ತರ ಪ್ರಾಯದಲ್ಲಿ ಒಂದು ತುಂಡು ಹಂದಿಮಾಂಸ ಹಿಡಿದು ಪಾವೊಲನ ಮನೆಗೆ ಹೋದಳು. ಅವನು ತಿಂದ, ತಿಂದರೆ ಒಪ್ಪಿಗೆ. ಮದುವೆಯಾದ ಆರೇ ವಾರಕ್ಕೆ ಬ್ರೆಸ್ಟ್ ಬಂದರಿನಲ್ಲಿ ಲಾಪೆರೂಜ್ ಕಪ್ತಾನರ ಹಡಗು ಹತ್ತಿದ. ಯಾರೂ ಸರಿಯಾಗಿ ಕಾಣದ ಸಮುದ್ರಗಳ ನಕ್ಷೆ ಬರೆಯಲು ರಾಜನೇ ಕಳಿಸಿದ ಎರಡು ಹಡಗುಗಳು. ಮೂರು ವರ್ಷ ಸುದ್ದಿ ಬರುತ್ತಿತ್ತು. ಆಮೇಲೆ ಹಡಗೂ ಇಲ್ಲ, ಮನುಷ್ಯರೂ ಇಲ್ಲ. ಕಳಿಸಿದ ರಾಜನ ತಲೆಯೂ ಹೋಯಿತು. ಬಾರ್ಬಾ ಮಾತ್ರ ಕಾಯುತ್ತಲೇ ಇದ್ದಳು.

ಕಡಲಲ್ಲಿ ಸತ್ತು ಹೆಣ ಸಿಗದವನಿಗೆ ನಮ್ಮಲ್ಲಿ ಬೆರಳುದ್ದದ ಮೇಣದ ಶಿಲುಬೆ ಮಾಡಿ, ಅದನ್ನೇ ಮನೆಯಲ್ಲಿ ಮಲಗಿಸಿ, ಅತ್ತು, ಚರ್ಚಿಗೆ ಒಪ್ಪಿಸುತ್ತೇವೆ. ಶಿಲುಬೆ ಮಾಡುವವಳು ನಾನು, ಚರ್ಚಿನ ಗಂಟೆ ಹೊಡೆಯುವವನ ಹೆಂಡತಿ. ಸಾವಿನ ಸುದ್ದಿ ತರುವ ಹಕ್ಕು ಮಾತ್ರ ಗಂಡನ ಕಡೆಯ ಹಿರಿಯನದು. ಅವನು ಸಂಜೆ ಬಂದು ಕಿಟಕಿಗೆ ಮೂರು ಸಲ ಬಡಿದು, ಸತ್ತವನು ಮನೆಗೆ ಬರುತ್ತಿದ್ದಾನೆ ಎನ್ನಬೇಕು.

ಹಡಗು ಹೊರಟು ಹತ್ತು ವರ್ಷ ಕಳೆದ ಮೇಲೆ ಪಾವೊಲನ ದೊಡ್ಡಪ್ಪ ಗೊನೆರಿ ಬಂದು ಬಡಿದ.

"ಇವತ್ತು ನಿನ್ನ ಗಂಡ ಮನೆಗೆ ಬರ್ತಿದಾನೆ, ಮಗಳೇ..."

ಬಾರ್ಬಾ ಗುದ್ದಲಿ ಹಿಡಿದೇ ಹೊರಬಂದಳು. "ಅವನು ಸತ್ತಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ ಮಾವ?"

"ಅವನ ಆತ್ಮ ನೀರಲ್ಲೇ ಅಲೀತಾ ಇರ್ಬೇಕಾ ತಾಯಿ?"

"ನೋಡಿದವ್ರನ್ನ ಕರ್ಕೊಂಡ್ ಬಾ. ಇಲ್ದಿದ್ರೆ ನಿನ್ನ ಶಿಲುಬೇನೂ ಜೊತೇಲೇ ಮಾಡಿಸ್ತೀನಿ!"

ಗೊನೆರಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವಳ ಹಠ ಕಂಡು ನನಗೂ ಮೈ ಉರಿಯುತ್ತಿತ್ತು. ವಿಧವೆಯರು ಒಟ್ಟಿಗೆ ಕೂತು ಅಳುವಾಗ ಅವಳು ಮುತ್ತೈದೆ. ಮುತ್ತೈದೆಯರು ಗಂಡಂದಿರನ್ನು ಕರೆತರಲು ಬಂದರಿಗೆ ಓಡುವಾಗ ಅವಳು ವಿಧವೆ. ಎರಡು ಕಡೆಯೂ ಯಾರೂ ಅವಳನ್ನು ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ಹಡಗು ಹೊರಟ ನಲವತ್ತಮೂರನೆಯ ವರ್ಷ ಪಾದ್ರಿಗಳು ಪತ್ರಿಕೆ ಓದಿ ಹೇಳಿದರು. ಭೂಮಿಯ ಆಚೆ ಬದಿಯ ಯಾವುದೋ ದ್ವೀಪದ ಹತ್ತಿರ ಆ ಹಡಗುಗಳ ಗಂಟೆ, ಫಿರಂಗಿ ಸಿಕ್ಕಿದ್ದವಂತೆ.

ಅಂದೇ ಬಾರ್ಬಾ ನನ್ನಲ್ಲಿಗೆ ಬಂದಳು.

"ಶಿಲುಬೆ ಮಾಡೇ ಅಜೆನೋರ್. ಸ್ವಲ್ಪ ಉದ್ದ ಇರ್ಲಿ, ಅವನು ಎತ್ತರದ ಆಳು."

"ಮಾಡ್ತೀನಿ. ಕಿಟಕಿ ಬಡಿಯೋರು ಯಾರೇ?"

ಗೊನೆರಿ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಪಾವೊಲನ ಕಡೆಯ ಉಳಿದ ಗಂಡಸರೆಲ್ಲ ಕಡಲು ಸೇರಿದ್ದರು. ಅವರ ಶಿಲುಬೆಗಳನ್ನೂ ನಾನೇ ಮಾಡಿದ್ದೆ. ಯಾರೂ ಬಡಿಯದೆ ಶಿಲುಬೆ ಒಳಗೆ ಹೋಗುವಂತಿಲ್ಲ.

"ಮಾವನ್ನ ಓಡಿಸ್ಬಾರ್ದಿತ್ತು ಕಣೇ," ಎಂದಳು.

ಸಂಜೆ ನಾನು ಶಿಲುಬೆ ಹಿಡಿದು ಹೋದಾಗ ಬಾರ್ಬಾ ಅಂಗಳದಲ್ಲಿ ನಿಂತಿದ್ದಳು. ಮನೆಯೊಳಗೆ ಬಿಳಿ ಬಟ್ಟೆ ಹಾಸಿ ಮೇಣದಬತ್ತಿ ಹಚ್ಚಿಟ್ಟಿದ್ದಳು. ನನ್ನತ್ತ ನೋಡದೆ, ತನ್ನ ಕಿಟಕಿಗೆ ತಾನೇ ಮೂರು ಸಲ ಬಡಿದಳು.

"ಇವತ್ತು ನಿನ್ನ ಗಂಡ ಮನೆಗೆ ಬರ್ತಿದಾನೆ, ಮಗಳೇ."

ಒಳಗಿಂದ ಯಾರೂ ಅಳಲಿಲ್ಲ. ಅಳಬೇಕಾದವಳು ಹೊರಗೇ ನಿಂತಿದ್ದಳು.