ಜರ್ಮನ್ ಅಜ್ಜನ ಗೋತ್ರ

ಎಪ್ಪತ್ತರ ದಶಕದಲ್ಲಿ ಡೆಟ್ರಾಯಿಟಿನ ಒಂದು ಲೈಬ್ರರಿಯಲ್ಲಿ ಹಳೇ ದಾಖಲೆಗಳ ಮೈಕ್ರೋಫಿಲ್ಮ್ ಸುರುಳಿಗಳನ್ನು ನೋಡುವ ಯಂತ್ರಕ್ಕೆ ಹಾಕಿಕೊಡುವ ಕೆಲಸ ನನ್ನದು. ಚಳಿಗಾಲದಲ್ಲಿ ದಿನಾ ಬರುತ್ತಿದ್ದವರು ಎಂಬತ್ತರ ಹತ್ತಿರದ ಎಲ್ಸಾ ಒಬ್ಬರೇ. ಜರ್ಮನಿಯಿಂದ ಬಂದ ಅಜ್ಜನನ್ನು ಹಳೇ ಹಡಗುಗಳ ದಾಖಲೆಯಲ್ಲಿ ಶ್ಮಿಡ್ಟ್, ಶ್ಮಿಟ್, ಸ್ಮಿತ್ ಅಂತ ಹುಡುಕಿ ಸೋತಿದ್ದರು.

"ನಿನ್ನ ಅಜ್ಜನನ್ನ ನೀನು ಹೇಗೆ ಹುಡುಕ್ತೀಯ?" ಅಂತ ಒಂದು ದಿನ ನನ್ನನ್ನು ಕೇಳಿದರು.

"ಹುಡುಕಲ್ಲ. ಮಹಾಲಯ ಅಮಾವಾಸ್ಯೆ ದಿನ ಹೆಸರು, ಗೋತ್ರ ಹೇಳಿ ಕರೆದು ಎಳ್ಳುನೀರು ಬಿಡ್ತೀವಿ."

"ನನ್ನ ಅಜ್ಜನಿಗೂ ಬಿಡ್ತೀಯಾ?"

"ಗೋತ್ರ ಬೇಕಲ್ಲ. ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಅಂತೀವಿ, ಒಂದೇ ವಂಶ ಅನ್ನೋ ಹಾಗೆ."

"ನಿನ್ನದು ಯಾವುದು?"

"ಅದೇ."

ಎಲ್ಸಾ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹಾಗಾದ್ರೆ ಭಾನುವಾರ ಊಟಕ್ಕೆ ಬಾ."

ಆ ಊರಿಗೆ ಬಂದಮೇಲೆ ಯಾರೂ ನನ್ನನ್ನು ಊಟಕ್ಕೆ ಕರೆದಿರಲಿಲ್ಲ. ನೆಂಟರ ಮನೆಗೆ ಬರಿಗೈಲಿ ಹೋಗಬಾರದಲ್ಲ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೋದೆ.