ಗೊತ್ತಿಲ್ಲ ಎನ್ನುತ್ತಿದ್ದ ಸಿಸ್ಟರ್

ನನಗೆ ಆಗ ಐವತ್ತೆಂಟು. ಏಳು ವರ್ಷದ ಹಿಂದಿನ ಮಾತು ಇದು. ನಮ್ಮ ಸಂತೆಕಲ್ಲೂರಿನ ಆರೋಗ್ಯ ಕೇಂದ್ರದ ಸಿಸ್ಟರ್ ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದಳು. ನಾಡಿ ಹಿಡಿದರೆ ಬೆರಳು ನಮ್ಮ ಕೈ ಮೇಲೆ, ಕಣ್ಣು ಮುಳ್ಳಿನ ಮೇಲೆ, ಬಾಯಿ ಬಂದ್. ಒಮ್ಮೆ ಪಂಚಾಯ್ತಿ ಮೆಂಬರೊಬ್ಬ ಬಾಗಿಲಲ್ಲಿ ನಿಂತು "ಸಿಸ್ಟರ್, ಸಿಸ್ಟರ್" ಎಂದು ಕೂಗಿ ಕೂಗಿ ತಾನೇ ಸುಮ್ಮನಾದ. ನಿಮಿಷ ಪೂರ್ತಿ ಆದ ಮೇಲೆಯೇ ಆಕೆ ತಲೆ ಎತ್ತಿದ್ದು. ಆಗ ಆಕೆ ಹಿಡಿದಿದ್ದು ಕೂಲಿ ಹೆಂಗಸೊಬ್ಬಳ ಕೈ.

ದವಾಖಾನೆ, ಕಚೇರಿ, ಮಠ ಎಲ್ಲ ಕಡೆ ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ಕೇಳಿದ್ದಕ್ಕೆ "ಗೊತ್ತಿಲ್ಲ" ಎಂದವರು ಕಡಿಮೆ. ಎಂದವರೂ ನಮ್ಮನ್ನು ಸಾಗಹಾಕಲು ಎಂದವರೇ. ಈಕೆ ಗೊತ್ತಿಲ್ಲ ಎಂದು ಹೇಳಿ ಅಲ್ಲೇ ನಿಲ್ಲುತ್ತಿದ್ದಳು.

ಆಕೆ ನಮ್ಮೂರಿಗೆ ಬಂದ ಮೊದಲ ವರ್ಷ ಜೋಳದ ಹೊಲದಲ್ಲಿ ಒಬ್ಬನಿಗೆ ಹಾವು ಕಡಿಯಿತು. ಮನೆಯ ಅರ್ಧ ಮಂದಿ ಕೋಲು ಹಿಡಿದು ಹಾವು ಹುಡುಕಲು ಓಡಿದರು. ಯಾವ ಹಾವು ಎಂದು ತಿಳಿಯದೆ ಔಷಧಿ ಹೇಗೆ ಕೊಡುತ್ತಾರೆ ಎಂಬುದು ಅವರ ಲೆಕ್ಕ.

"ಹಾವಿನ ಹೆಸರು ಆಮ್ಯಾಲ ಕೇಳೋಣು. ಮೊದಲ ಇವನ್ನ ಗಾಡಿ ಹತ್ತಸ್ರಿ," ಎಂದಳು ಸಿಸ್ಟರ್.

ಅವನ ತಾಯಿ ಈಕೆಯ ಕೈ ಹಿಡಿದು, "ನನ್ನ ಮಗ ಉಳೀತಾನೇನವ್ವಾ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ. ಆದ್ರ ಗಾಡಿ ಹೊಂಟೈತಿ, ನಾನೂ ಹತ್ತಾಕತ್ತೀನಿ."

ಹತ್ತಿದಳು, ಹೋದಳು. ನಾನಾಗಿದ್ದರೆ "ಉಳೀತಾನ, ಉಳೀತಾನ" ಎಂದು ಸುಳ್ಳು ಹೇಳಿ ಮನೆಗೆ ಹೋಗಿ ಕೂರುತ್ತಿದ್ದೆ. ಅವನು ಉಳಿದ. ಈಗಲೂ ಮಸ್ಕಿ ಸಂತೆಯಲ್ಲಿ ಮೆಣಸಿನಕಾಯಿ ಮಾರುತ್ತಾನೆ. ಸತ್ತಿದ್ದರೂ ನನಗೆ ಆಕೆಯ ಮೇಲೆ ಇಷ್ಟೇ ಬೆರಗು ಇರುತ್ತಿತ್ತು.

ಆಕೆ ಬೌದ್ಧರ ಮನೆಯವಳು. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ ಇತ್ತು. ನಾವು ಲಿಂಗ ಕಟ್ಟಿಕೊಂಡವರು. ಮೊದಲ ನಾಲ್ಕು ವರ್ಷ ಆಕೆಯ ಮನೆಯ ಚಹಾ ಬೇಡ ಎನ್ನಲು ನಾನು ದಿನಕ್ಕೊಂದು ನೆಪ ಹೇಳಿದೆ. ಆಕೆಗೆ ತಿಳಿಯುತ್ತಿತ್ತು. ನೆಪ ಮುಗಿದ ದಿನ ಕುಡಿದೆ. ಚಹಾದಲ್ಲಿ ಸಕ್ಕರೆ ಜಾಸ್ತಿ ಇತ್ತು, ಬೇರೆ ಏನೂ ಇರಲಿಲ್ಲ.

ಇನ್ನು ನನ್ನ ಸಂಗತಿ. ನಾನು ಆಗ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾಗಿದ್ದೆ. ನನಗೆ ಬರುವ ನಾಲ್ಕು ಅಕ್ಷರ ಆ ಅಡುಗೆಕೋಣೆಯಲ್ಲೇ ಬಂದದ್ದು. ಪಕ್ಕದ ಕೋಣೆಯಲ್ಲಿ ಒಂದನೇ ಇಯತ್ತೆಯವರು ಕೂಗುವುದನ್ನು ಕೇಳಿ ಕೇಳಿ ಕಲಿತೆ. ಅರವತ್ತಕ್ಕೆ ಬಿಡಿಸುತ್ತಾರೆ. ಇನ್ನೂ ಎರಡು ವರ್ಷ ಇತ್ತು. ಆ ಬೇಸಿಗೆಯಿಂದ ಎದೆ ಹೊಡೆದುಕೊಳ್ಳಲು ಸುರುವಾಯಿತು. ಕಾರಣ ಇಲ್ಲ, ಏನಿಲ್ಲ. ಬೇಳೆ ತೊಳೆಯುತ್ತಾ ಇದ್ದರೆ ಯಾರೋ ಸತ್ತ ಸುದ್ದಿ ಬಂದ ಹಾಗೆ ಮೈಯೆಲ್ಲ ಬೆವರು, ಉಸಿರು ಮೇಲಕ್ಕೆ. ಷೇರ್ ಆಟೋದಲ್ಲಿ ನಡುವೆ ಕೂತರೆ ಇಳಿಸಿರಿ ಎಂದು ಚೀರಬೇಕು ಅನ್ನಿಸುತ್ತಿತ್ತು. ಒಮ್ಮೆ ಚೀರಿದೆ ಕೂಡ. ದಾರಿಯಲ್ಲೇ ಇಳಿದು ಬಿಸಿಲಲ್ಲಿ ನಡೆದು ಬಂದೆ.

ಅದೂ ಇರಲಿ. ಕೈ ನಡುಗತೊಡಗಿತು. ಬೆಳಿಗ್ಗೆ ಸ್ನಾನ ಮಾಡಿ ಲಿಂಗವನ್ನು ಎಡಗೈಯಲ್ಲಿ ಹಿಡಿದರೆ ಅಂಗೈಯಲ್ಲಿ ಲಿಂಗ ಕುಣಿಯುತ್ತಿತ್ತು. ಬಿದ್ದರೆ? ನಮ್ಮಲ್ಲಿ ಲಿಂಗ ಕೈ ಜಾರಿ ಬಿತ್ತು ಎಂದರೆ ಸಣ್ಣ ಮಾತಲ್ಲ. ಹೆದರಿ, ಲಿಂಗ ಇಡುವ ಕರಡಿಗೆಯ ಮುಚ್ಚಳ ತೆಗೆಯುವುದನ್ನೇ ಬಿಟ್ಟೆ. ಮುಚ್ಚಳದ ಮೇಲೆಯೇ ವಿಭೂತಿ ಹಚ್ಚಿ ಕೈ ಮುಗಿದು ಏಳುತ್ತಿದ್ದೆ. ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಹದಿನಾರನೆಯ ದಿನ ಶಾಲೆಯಲ್ಲಿ ಕುದಿಯುವ ಸಾಂಬಾರಿನ ಪಾತ್ರೆಯನ್ನು ಇಬ್ಬರು ಎತ್ತಿ ಇಳಿಸುವಾಗ ನನ್ನ ಕಡೆಯ ಹಿಡಿ ಜಾರಿತು. ಸಾಂಬಾರು ಕಟ್ಟೆಯ ಮೇಲೆ ಚೆಲ್ಲಿತು. ತಟ್ಟೆ ಹಿಡಿದ ಮಕ್ಕಳು ಎರಡು ಮಾರು ದೂರ ಇದ್ದರು. ಎರಡು ಮಾರು, ಅಷ್ಟೇ.

ಜೊತೆಗೆ ಅಡುಗೆ ಮಾಡುವವಳು ನನಗಿಂತ ಇಪ್ಪತ್ತು ವರ್ಷ ಸಣ್ಣವಳು, ನಾಲಿಗೆ ನನ್ನಷ್ಟೇ ಉದ್ದ. "ಯಕ್ಕಾ, ಇವತ್ತ ಕಟ್ಟೀಗೆ ಉಣಿಸಿದಿ, ನಾಳೆ ಯಾರಿಗೆ? ಹೆಡ್ಮಾಸ್ತರಿಗೆ ಹೇಳಬೇಕಾಗ್ತದ ನೋಡು," ಎಂದಳು. ಆಕೆ ಹೇಳಿದ್ದು ತಪ್ಪಲ್ಲ. ಅದಕ್ಕೇ ಸಿಟ್ಟು ಬಂತು.

ಸಿಂಧನೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಎದೆಗೆ ವೈರು ಹಚ್ಚಿ ಪಟ್ಟಿ ತೆಗೆದರು. ಚಲೋ ಇದೆ ಎಂದರು. ರಕ್ತ ತೆಗೆದುಕೊಂಡರು, ರಿಪೋರ್ಟ್ ಆಮೇಲೆ ಬರುತ್ತದೆ ಎಂದರು. ಗಂಟಲಲ್ಲಿ ಥೈರಾಯ್ಡ್ ಅಂತ ಒಂದು ಇರುತ್ತದಂತೆ, ಅದು ಕೆಟ್ಟರೂ ಹೀಗೆ ಆಗುತ್ತದಂತೆ. "ಇದು ಗಾಬರಿ ಬ್ಯಾನಿ ಇದ್ದಂಗ ಕಾಣಸ್ತದ, ಆದ್ರ ಇಂಥದ್ದೇ ಅಂತ ಈಗ ಹೇಳಲಾರೆ. ಮನಸ್ಸಿನ ಡಾಕ್ಟರು ಲಿಂಗಸುಗೂರಿಗೆ ಬರೋದು ಮುಂದಿನ ತಿಂಗಳು. ಅವರ ನೋಡಿ ಹೆಸರು ಹೇಳಬೇಕು. ಅಲ್ಲೀತನ ಒಂದು ಸಣ್ಣ ಗುಳಿಗಿ ಬರೀತೀನಿ. ಈಗ ಸುರು ಮಾಡಿದ್ರೂ ನಡೀತದ, ಅವರು ನೋಡೋತನ ಕಾದ್ರೂ ನಡೀತದ. ವಿಚಾರ ಮಾಡ್ರಿ," ಎಂದರು.

ವಿಚಾರ ಮಾಡ್ರಿ ಎಂದರೆ ನಾನು ಏನು ಮಾಡಲಿ? ನಾನೇ ವಿಚಾರ ಮಾಡುವುದಾದರೆ ಡಾಕ್ಟರ ಹತ್ತಿರ ಯಾಕೆ ಹೋಗುತ್ತಿದ್ದೆ? ಹೆಸರಿಲ್ಲದ ರೋಗಕ್ಕೆ ಗುಳಿಗೆ ನುಂಗಬೇಕೋ ಬೇಡವೋ. ನುಂಗಿದರೆ ಊರು ಹುಚ್ಚರ ಗುಳಿಗೆ ಎನ್ನುತ್ತದೆ. ಮಕ್ಕಳ ಅನ್ನಕ್ಕೆ ಹುಚ್ಚಿಯ ಕೈ ಯಾಕೆ ಎನ್ನುತ್ತದೆ. ನುಂಗದಿದ್ದರೆ ಸಾಂಬಾರು ಎರಡು ಮಾರು ದೂರದಲ್ಲೇ ಯಾವಾಗಲೂ ಬೀಳುತ್ತದೆಂದು ಯಾರು ಬರೆದು ಕೊಡುತ್ತಾರೆ?

ನಾನು ಊರ ಮಠದ ಗದ್ದುಗೆಗೆ ಹೋಗಿ ಪ್ರಸಾದ ಕೇಳಿದೆ. ನಮ್ಮಲ್ಲಿ ಮದುವೆ ಮಾತು, ಹೊಲ ಕೊಳ್ಳುವುದು, ಎಲ್ಲಕ್ಕೂ ಹೀಗೇ ಕೇಳುವುದು. ಗದ್ದುಗೆಗೆ ಒದ್ದೆ ಹೂ ಎರಡು ಅಂಟಿಸುವುದು. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಬೇಡ. ಮೊದಲ ದಿನ ಬಲದ್ದು ಬಿತ್ತು. ಮನೆಗೆ ಬಂದು ಗುಳಿಗೆ ನುಂಗಿದೆ. ಮರುದಿನ ಮನಸ್ಸು ನಿಲ್ಲದೆ ಮತ್ತೆ ಕೇಳಿದೆ, ಎಡದ್ದು ಬಿತ್ತು. ಬಿಟ್ಟೆ. ಮೂರನೆಯ ದಿನ ಎರಡೂ ಹೂ ಅಂಟಿಕೊಂಡೇ ಕುಳಿತವು. ಒಂದು ತಾಸು ಕಾದು, ಮನೆಗೆ ಬಂದು ಗುಳಿಗೆ ಮುರಿದು ಅರ್ಧ ನುಂಗಿದೆ.

ಆ ಸಂಜೆ ಸಿಸ್ಟರ್ ಹತ್ತಿರ ಹೋದೆ. ಲಸಿಕೆಯ ಡಬ್ಬಿ ತೊಳೆದು ಮೆಟ್ಟಿಲ ಮೇಲೆ ಬಿಸಿಲಿಗೆ ಬೋರಲು ಹಾಕುತ್ತಿದ್ದಳು. ಎಲ್ಲ ಹೇಳಿದೆ. ಹೂವಿನ ಮಾತು ಬಂದಾಗ ಆಕೆಯ ಕೈ ನಿಂತಿತು.

"ಅರ್ಧ ಗುಳಿಗಿ?"

"ಹೂ ಬೀಳಲೇ ಇಲ್ಲಲ್ಲ ಸಿಸ್ಟರ್."

"ದೇವರಿಗೂ ಇನ್ನಾ ರಿಪೋರ್ಟ್ ಬಂದಿಲ್ಲ ಅನ್ನಸ್ತೈತಿ ಅಕ್ಕಾರ."

ನನಗೆ ಕೆಟ್ಟ ಸಿಟ್ಟು ಬಂತು. ಆಕೆ ನಗುತ್ತಿರಲಿಲ್ಲ. ಹಾಗಾಗಿ ನಾನೇ ನಕ್ಕೆ. ಎಷ್ಟು ದಿನದ ಮೇಲೆ ನಕ್ಕದ್ದೋ ಏನೋ, ಗಂಟಲು ನೋವಾಯಿತು.

ಆಕೆ ಒರೆಸಿದ ಕೈಯಲ್ಲಿ ನನ್ನ ನಾಡಿ ಹಿಡಿದು ನಿಮಿಷ ಪೂರ್ತಿ ಎಣಿಸಿದಳು. ಆಮೇಲೆ ಲಿಂಗ ಹಿಡಿದ ಕೈಯ ಬಗ್ಗೆ ಕೇಳಿದಳು. ಯಾವ ಕೈ, ಹಿಡಿದ ಕೂಡಲೇ ನಡುಗುತ್ತದೋ ತಡೆದೋ, ಕಣ್ಣು ಮುಚ್ಚಿದರೆ ಹೆಚ್ಚೋ ಕಡಿಮೆಯೋ. ತನ್ನ ಮನೆಯಲ್ಲಿ ಇಲ್ಲದ ಪೂಜೆಯನ್ನು ಆಕೆ ಹೀಗೆ ಕೇಳಿದ್ದು ಕಂಡು ನಾನು ಬೆರಗಾದೆ. ನಮ್ಮವರಾದರೆ "ಯಾವ ಪಾಪ ಮಾಡಿದ್ದಿ?" ಎನ್ನುತ್ತಿದ್ದರು. ಈಕೆ ಚೀಟಿ ತೆಗೆದು ಬರೆದಳು: ಪೂಜೆ ಹೊತ್ತಿಗೆ ಎಡಗೈ ನಡುಕ, ಹತ್ತು ಎಣಿಸುವುದರೊಳಗೆ. ಆಮೇಲೆ ಪೆನ್ನು ಎತ್ತದೆ, "ಸಾಯಬೇಕು ಅನ್ನಸ್ತದೇನು?" ಎಂದು ಕೇಳಿದಳು. ಯಾರೂ ನನ್ನನ್ನು ಹಾಗೆ ನೇರ ಕೇಳಿರಲಿಲ್ಲ.

"ಇನ್ನೂರು ಮಂದಿಗೆ ಅನ್ನ ಮಾಡಬೇಕು. ಸಾಯಾಕ ಪುರುಸೊತ್ತೆಲ್ಲಿ ಐತಿ?"

"ಖರೇ ಹೇಳ್ರಿ."

"ಇಲ್ಲ. ಸತ್ತು ಬಿಡ್ತೀನಿ ಅಂತ ಅಂಜಿಕಿ ಬರ್ತದ. ಸಾಯಬೇಕು ಅಂತ ಅಲ್ಲ."

ಅದನ್ನೂ ಬರೆದಳು.

"ಈಗ ಹೇಳು ಸಿಸ್ಟರ್. ನುಂಗಲೋ ಬಿಡಲೋ?"

"ನಾ ಹೇಳಲ್ಲ."

"ನೀ ನನ್ನ ಜಾಗಾದಾಗ ಇದ್ದಿದ್ರ?"

"ಇಲ್ಲಲ್ಲ. ನನ್ನ ಕೈ ನಡಗಾಕತ್ತಿಲ್ಲ."

"ಹಾವು ಕಡಿದವನಿಗೆ ಹೆಸರು ಕೇಳದೆ ಗಾಡಿ ಹತ್ತಿಸಿದಿ. ನನಗ್ಯಾಕ ಹೇಳಲ್ಲ?"

"ಹತ್ತಿಸೀನಿ. ಅದ ವರ್ಷ ಹೊಟ್ಟಿ ನೋವು ಅಂತ ಒಬ್ಬಾಕಿ ಬಂದಿದ್ದಳು, ನೆನಪೈತೇನು? ನೋವಿಗೆ ಸೂಜಿ ಮಾಡು ಅಂತ ಮಂದಿ ಕೂಡಿ ನನ್ನ ಬೈದ್ರು. ಡಾಕ್ಟರ್ ನೋಡೋತನ ಸೂಜಿ ಇಲ್ಲ ಅಂದೆ. ಮಸ್ಕಿಗೆ ಕಳಿಸಿದೆ. ಅಪೆಂಡಿಕ್ಸ್ ಇತ್ತು, ಸೂಜಿ ಮಾಡಿದ್ರ ನೋವು ಮುಚ್ಚಿ ಹೋಗಿ ತಿಳೀತಿರಲಿಲ್ಲ. ಕಾಯೋ ಬ್ಯಾನಿನೂ ಕಂಡೀನಿ, ಕಾಯಲಾರದ್ದೂ ಕಂಡೀನಿ. ನಿಮ್ಮದು ಯಾವುದು, ನನಗ ಗೊತ್ತಿಲ್ಲ ಅಕ್ಕಾರ."

ಗೊತ್ತಿಲ್ಲ ಎಂದವಳು ಎದ್ದು ಹೋಗಲಿಲ್ಲ. ಪಕ್ಕದಲ್ಲಿ ಕೂತಳು. "ಎರಡು ಮಾತು ತೂಗ್ರಿ. ಕಾದ್ರ ಏನು ಹೋಗ್ತದ? ನುಂಗಿದ್ರ ಏನು ಹೋಗ್ತದ?" ಎಂದಳು.

"ನುಂಗಿದ್ರ ಏನು ಹೋಗ್ತದ ಅಂತ ನನಗೇನು ಗೊತ್ತು?"

"ಹಂಗಾರ ಗೊತ್ತಿದ್ದವರಿಗೆ ಕೇಳೋಣು." ಸಿಂಧನೂರಿನ ಡಾಕ್ಟರು ಕೊಟ್ಟ ಚೀಟಿಯ ಮೇಲಿದ್ದ ನಂಬರಿಗೆ ಹಚ್ಚಿ ಫೋನನ್ನು ಮೆಟ್ಟಿಲ ಮೇಲೆ ಇಟ್ಟಳು, ನನಗೂ ಕೇಳಬೇಕೆಂದು. ಡಾಕ್ಟರಿಗೆ ತಾನು ಬರೆದುಕೊಂಡದ್ದನ್ನು ಮೊದಲು ಓದಿ ಹೇಳಿದಳು, ಅರ್ಧ ಗುಳಿಗೆಯನ್ನೂ ಬಿಡದೆ. ಆಮೇಲೆ ಒಂದೊಂದೇ ಕೇಳಿದಳು. ರಕ್ತದ ಪರೀಕ್ಷೆ ಇದರಿಂದ ಕೆಡುತ್ತದೋ? ಇಲ್ಲ. ಮುಂದಿನ ತಿಂಗಳು ಬೇರೆ ರೋಗ ಎಂದರೆ ಬಿಡಬಹುದೋ? ಬಿಡಬಹುದು, ತಾವಾಗಿ ಅಲ್ಲ, ಕೇಳಿ, ನಿಧಾನ ಇಳಿಸಿ. ಯಾವಾಗ ಗುಣ ಕಾಣುತ್ತದೆ? ಎರಡು ಮೂರು ವಾರ ಬೇಕು, ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ಚಡಪಡಿಕೆ ಜಾಸ್ತಿ ಆದರೆ ಕೂಡಲೇ ಫೋನ್ ಮಾಡಬೇಕು. ದಿನ ಬಿಟ್ಟು ದಿನ ನುಂಗಿದರೆ? ಡಾಕ್ಟರು ಅತ್ತ ಕಡೆ ಉಸಿರು ಬಿಟ್ಟದ್ದು ನನಗೂ ಕೇಳಿಸಿತು. ಹಾಗೆ ನುಂಗುವುದಾದರೆ ನುಂಗುವುದೇ ಬೇಡ ಎಂದರು.

ಫೋನ್ ಇಟ್ಟಳು. "ಕೇಳಿದ್ರಲ್ಲ. ಹೂಂ ಅಂದ್ರ ದಿನಾ. ಉಹುಂ ಅಂದ್ರ ಉಹುಂ. ನಡುವ ಕೂಡಬ್ಯಾಡ್ರಿ."

"ಮಂದಿ ಏನಂತಾರ?"

"ಮಂದಿ ಬಾಯಿ ನನ್ನ ಚೀಟಿಯಾಗ ಬರಲ್ಲ. ಅದನ್ನ ನೀವ ತೂಗಬೇಕು. ಒಂದು ಮಾತು ಐತಿ. ನುಂಗ್ರಿ, ಬಿಡ್ರಿ, ಆ ಬಿಸಿ ಪಾತ್ರೆ ಮಾತ್ರ ಸದ್ಯಾ ಎತ್ತಬ್ಯಾಡ್ರಿ. ಅದಕ್ಕ ರಿಪೋರ್ಟ್ ಬೇಕಾಗಿಲ್ಲ."

ಅದು ನನಗೆ ಹೊಳೆದೇ ಇರಲಿಲ್ಲ. ಮೂರು ದಿನ ಹೂವಿನ ಮುಂದೆ ಕೂತಿದ್ದೆ, ಪಾತ್ರೆಯನ್ನು ಬೇರೆಯವರು ಎತ್ತಬಹುದು ಎಂಬುದು ಹೊಳೆದಿರಲಿಲ್ಲ. ಎತ್ತಬೇಡ ಎಂದರೆ ಯಾಕೆಂದು ಹೇಳಬೇಕಲ್ಲ. ಹೇಳುವುದನ್ನು ತಪ್ಪಿಸಲು ನನ್ನ ಬುದ್ಧಿ ಮಕ್ಕಳ ಮೈಯನ್ನೇ ಪಣಕ್ಕೆ ಇಟ್ಟಿತ್ತು. ಆಕೆ ಅದನ್ನು ಬೈದು ಹೇಳಲಿಲ್ಲ. ಡಬ್ಬಿಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ತಿಂಗಳು ಲಿಂಗಸುಗೂರಿನಲ್ಲಿ ಮನಸ್ಸಿನ ಡಾಕ್ಟರು ಅರ್ಧ ತಾಸು ಮಾತಾಡಿಸಿ ರೋಗಕ್ಕೆ ಒಂದು ಹೆಸರು ಹೇಳಿದರು. ಥೈರಾಯ್ಡ್ ಚಲೋ ಇತ್ತು. ಅದೇ ಗುಳಿಗೆ ಮುಂದುವರಿಸಿದರು. ಒಂದೂವರೆ ವರ್ಷದ ಮೇಲೆ ಅವರೇ ಇಳಿಸಿ ಬಿಡಿಸಿದರು. ಅರವತ್ತರ ತನಕ ಅಡುಗೆ ಮಾಡಿ ಹೊರಗೆ ಬಂದೆ. ಈಗಲೂ ಒಮ್ಮೊಮ್ಮೆ ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ.

ಸಿಸ್ಟರ್ ಹೋದ ವರ್ಷ ತೀರಿಕೊಂಡಳು. ಬಿಡದ ಜ್ವರ. ದೊಡ್ಡ ಊರಿನ ದವಾಖಾನೆಗೆ ಒಯ್ದಿದ್ದರು. ನಾನು ಫೋನ್ ಮಾಡಿ, "ಏನಾಗೈತಿ ನಿನಗ?" ಎಂದು ಕೇಳಿದೆ. "ಇನ್ನಾ ಗೊತ್ತಾಗಿಲ್ಲ ಅಕ್ಕಾರ. ಔಷಧಿ ಸುರು ಮಾಡ್ಯಾರ," ಎಂದಳು. ದನಿ ಸಣ್ಣದಾಗಿತ್ತು, ಆದರೆ ಮೆಟ್ಟಿಲ ಮೇಲೆ ಕೂತು ಹೇಳಿದ ಹಾಗೇ ಹೇಳಿದಳು. ತನ್ನ ಜೀವದ ಮಾತಿನಲ್ಲೂ ಆಕೆ ಒಂದು ಸುಳ್ಳು ಸೇರಿಸಲಿಲ್ಲ. ನನಗೆ ದೇವರ ಮುಂದೆಯೂ ಅಷ್ಟು ಮೈ ಜುಮ್ಮೆಂದಿಲ್ಲ.

ಅಳುವುದು ನನಗೆ ಬರುವುದಿಲ್ಲ. ಅದಕ್ಕೆ ಬದಲು, ಏಳು ವರ್ಷದ ಹಿಂದೆ ಆ ಮೆಟ್ಟಿಲಿನಿಂದ ಎದ್ದು ಬಂದ ಮರುದಿನ ಬೆಳಿಗ್ಗೆ ಏನು ಮಾಡಿದೆನೋ ಅದನ್ನು ಬರೆಯುತ್ತೇನೆ.

ಸ್ನಾನ ಮಾಡಿ ಕರಡಿಗೆ ತೆಗೆದೆ. ಲಿಂಗ ಎಡಗೈಗೆ ಬಂತು, ಕೈ ನಡುಗಿತು. ಕೆಳಗೆ ಬಲಗೈ ಆಸರೆ ಕೊಟ್ಟು, ನಡುಗುತ್ತಲೇ ಪೂಜೆ ಮುಗಿಸಿದೆ. ಒಂದು ರೊಟ್ಟಿ ತಿಂದು ಗುಳಿಗೆ ನುಂಗಿದೆ, ಇಡೀ ಒಂದು. ಶಾಲೆಗೆ ಹೋದೆ. ಜೊತೆಯವಳು ಒಲೆ ಹಚ್ಚುತ್ತಿದ್ದಳು. ಪಾತ್ರೆ ಹಿಡಿಯುವ ಅರಿವೆಯನ್ನು ಅವಳ ಕೈಗೆ ಕೊಟ್ಟೆ.

"ಗುಳಿಗಿ ಸುರು ಮಾಡೀನಿ. ನನ್ನ ಕೈ ನಿಲ್ಲೋತನ ಬಿಸಿ ಪಾತ್ರೆ ನೀ ಎತ್ತು, ಹೆಡ್ಮಾಸ್ತರಿಗೆ ನಾನ ಹೇಳ್ತೀನಿ. ಭಾಂಡಿ ತಿಕ್ಕೋದು ಪೂರಾ ನನಗಿರಲಿ."

ಅವಳು ಅರಿವೆ ಹಿಡಿದು ನಿಂತಳು. "ಏನ್ ಬ್ಯಾನಿ ಯಕ್ಕಾ?"

"ಗೊತ್ತಿಲ್ಲ," ಎಂದೆ.

ಹಾಗೆಂದು ಎದ್ದು ಹೋಗಲಿಲ್ಲ. ಅಲ್ಲೇ ಕೂತು ಬೇಳೆ ಆರಿಸಿದೆ.