ಮೊದಲು ಕಾಫಿ, ಆಮೇಲೆ ಪೋಲಿಯೊ ಹನಿ

“ನಮ್ಮನೆ ಕಾಫಿ ನಿಮ್ಗೆ ಬ್ಯಾಡ, ನಿಮ್ಮ ಮದ್ದು ಮಾತ್ರ ನಮ್ಮ ಮಗೀಗೆ ಬೇಕಾ ಟೀಚರಮ್ಮ?” ದೋಣಿಗಲ್ ಹತ್ತಿರದ ಎಸ್ಟೇಟ್ ಲೈನಿನ ಸಾಲುಮನೆಯೊಂದರ ಮುಂದೆ ಅಜ್ಜಿಯೊಬ್ಬರು ಮೊಮ್ಮಗಳನ್ನು ಸೆರಗಿನೊಳಗೆ ಎಳೆದುಕೊಂಡು ಕೇಳಿದರು.

ಪಲ್ಸ್ ಪೋಲಿಯೊ ಶುರುವಾದ ಹೊಸತು. ಅಂಗನವಾಡಿ ಟೀಚರ್ ಆಗಿದ್ದ ನಾನು ಐಸ್ ತುಂಬಿದ ಲಸಿಕೆ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಕೂಲಿಯವರ ಮನೆಮನೆಗೆ ಹೋಗಿದ್ದೆ. ಐಸ್ ಕರಗುವ ಮೊದಲು ಮುಗಿಸುವ ಆತುರದಲ್ಲಿ, ಕೊಡಲು ಬಂದ ಕಾಫಿಯನ್ನೆಲ್ಲ ಬೇಡ ಎಂದಿದ್ದೆ. ಅವರು ಅದನ್ನು ಬೇರೆಯೇ ತಿಳಿದಿದ್ದರು. ತಮ್ಮ ಲೋಟ ಮುಟ್ಟದವರು ತಂದ ಹನಿಯನ್ನು ಮಗುವಿನ ಬಾಯಿಗೆ ಹೇಗೆ ಬಿಡುವುದು? ಒಂದೊಂದೇ ಬಾಗಿಲು ಮುಚ್ಚಿಕೊಂಡಿತ್ತು.

ಡಬ್ಬಿ ಇಳಿಸಿ ಜಗಲಿಯಲ್ಲೇ ಕೂತೆ. “ಕೊಡಜ್ಜಿ, ಬೆಲ್ಲ ಜಾಸ್ತಿ ಇರಲಿ” ಅಂದೆ. ಅಜ್ಜಿ ನನ್ನ ಡಬ್ಬಿಯನ್ನು ನೆರಳಿಗೆ ಸರಿಸಿಟ್ಟು ಒಳಗೆ ಓಡಿದರು. ನಾನು ಲೋಟ ಖಾಲಿ ಮಾಡುವವರೆಗೂ ನೋಡುತ್ತ ನಿಂತಿದ್ದು, ಮೊಮ್ಮಗಳ ಗಲ್ಲ ಹಿಡಿದು “ಬಾಯ್ ಬಿಡು ಮಗಾ” ಅಂದರು. ಅಷ್ಟೇ, ಇಡೀ ಲೈನಿನ ಬಾಗಿಲುಗಳು ತೆರೆದವು. ಪ್ರತಿ ಮನೆಯಲ್ಲೂ ಮೊದಲು ನನಗೆ ಕಾಫಿ, ಆಮೇಲೆ ಮಗುವಿಗೆ ಹನಿ! ಕೊನೆಯ ಮಗುವಿನ ಬೆರಳಿಗೆ ಶಾಯಿ ಹಚ್ಚುವಾಗ ಡಬ್ಬಿಯಲ್ಲಿ ಇನ್ನೂ ಐಸ್ ಇತ್ತು, ನನ್ನ ಹೊಟ್ಟೆಯಲ್ಲಿ ಮಾತ್ರ ಜಾಗವಿರಲಿಲ್ಲ.

ಆಮೇಲೆ ಎಷ್ಟೋ ಪೋಲಿಯೊ ಭಾನುವಾರಗಳು ಬಂದವು. ಆ ದಿನ ಬೆಳಿಗ್ಗೆ ನಮ್ಮ ಯಜಮಾನರು ಕಾಫಿ ಲೋಟ ಮುಂದೆ ಹಿಡಿದರೆ, “ಬೇಡ, ಇವತ್ತು ಡ್ಯೂಟಿ ಇದೆ” ಅನ್ನುತ್ತಿದ್ದೆ.